ಗೋದಲಿಯಲ್ಲಿ ಸಂತೆ ಏಕೆ?

ನೇಪಲ್ಸ್‌ನ ಸಾಂಪ್ರದಾಯಿಕ ಕ್ರಿಸ್‌ಮಸ್ ಗೋದಲಿಗಳನ್ನು (ಯೇಸು ಹುಟ್ಟಿದ ದೃಶ್ಯದ ಬೊಂಬೆ ಜೋಡಣೆಗಳನ್ನು) ನೋಡಿಬಂದವರು ಹೇಳುವ ಒಂದು ಮಾತು ನನಗೆ ಹಿಡಿಸುವುದಿಲ್ಲ: 'ಭಕ್ತಿ ಎಲ್ಲಿದೆ ಅದರಲ್ಲಿ? ಬರೀ ಸಂತೆ!' ಸಂತೆಯೇ ಹೌದು. ನಾನು ಹೋದದ್ದೂ ಅದನ್ನು ನೋಡುವುದಕ್ಕೇ.

ಇಟಲಿಯ ಆ ನಗರದ ವೊಮೆರೊ ಗುಡ್ಡದ ಮೇಲೆ, ಹಿಂದೆ ಮಠವಾಗಿದ್ದ ಸಾನ್ ಮಾರ್ಟಿನೊ ವಸ್ತುಸಂಗ್ರಹಾಲಯದಲ್ಲಿ ಕುಚಿನಿಯೆಲ್ಲೊ ಗೋದಲಿ ಇದೆ. ಮಿಕೆಲೆ ಕುಚಿನಿಯೆಲ್ಲೊ ತಾನು ಸಂಗ್ರಹಿಸಿದ್ದ ಬೊಂಬೆಗಳನ್ನು 1879ರಲ್ಲಿ ದಾನವಾಗಿ ಕೊಟ್ಟ. ಪಾಳುಬಿದ್ದ ದೇಗುಲದ ಕಂಬಗಳ ನಡುವೆ ಬಾಲಯೇಸು ಮಲಗಿದ್ದಾನೆ, ನಿಜ. ಆದರೆ ನನ್ನ ಕಣ್ಣು ಮೊದಲು ಓಡಿದ್ದು ಪಕ್ಕದ ಹೆಂಡದಂಗಡಿಯ ಕಡೆಗೆ. ಊಟ, ಕುಡಿತ, ಗದ್ದಲ. ದೇವರು ಹುಟ್ಟಿದ್ದು ಅಲ್ಲಿ ಯಾರಿಗೂ ಗೊತ್ತಿದ್ದಂತಿಲ್ಲ!

ಈ ಬೊಂಬೆಗಳನ್ನು ಹತ್ತಿರದಿಂದ ನೋಡಬೇಕು. ತಲೆ ಸುಟ್ಟ ಮಣ್ಣಿನದು, ಕೈಕಾಲು ಮರದ ಕೆತ್ತನೆ, ಕಣ್ಣು ಗಾಜಿನವು. ಬಟ್ಟೆಯೊಳಗಿನ ಮೈ ಮಾತ್ರ ತಂತಿಗೆ ಸೆಣಬಿನ ನಾರು ಸುತ್ತಿದ್ದು. ಹಾಗಾಗಿ ಬೇಕೆಂದಂತೆ ಬಾಗಿಸಿ ನಿಲ್ಲಿಸಬಹುದು. ಹದಿನೆಂಟನೆಯ ಶತಮಾನದ ಆ ಕುಶಲಕರ್ಮಿಗಳು ಗಳಗಂಡದಿಂದ ಕುತ್ತಿಗೆ ಊದಿಕೊಂಡವರನ್ನೂ ಬಿಡಲಿಲ್ಲ. ಬೀದಿಯಲ್ಲಿ ಕಂಡವರನ್ನು ಕಂಡಂತೆಯೇ ಮಾಡಿದರು. ಮೂಲೆಯಲ್ಲಿ ನಿದ್ದೆಹೋದ ಬೆನಿನೊ ಎಂಬ ಕುರುಬ ಹುಡುಗನನ್ನು ತೋರಿಸಿ, ಇದೆಲ್ಲ ಅವನು ಕಾಣುತ್ತಿರುವ ಕನಸು ಎನ್ನುತ್ತಾರೆ ಅಲ್ಲಿಯ ಜನ.

ಸಂತೆ ಆಮೇಲೆ ಬಂದು ಭಕ್ತಿಯನ್ನು ಕೆಡಿಸಿತು ಎನ್ನುವವರು ಗೋದಲಿಯ ಸಂಪ್ರದಾಯಕ್ಕೆ ಮೂಲವೆನ್ನುವ, 1223ರ ಇಟಲಿಯ ಗ್ರೆಚ್ಚೊ ಗ್ರಾಮವನ್ನು ನೆನೆಯಲಿ. ಸಂತ ಫ್ರಾನ್ಸಿಸ್ ಅಲ್ಲಿ ಇರಿಸಿದ್ದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ. ಮರಿಯಳ ವೇಷವಾಗಲಿ ಜೋಸೆಫನ ವೇಷವಾಗಲಿ ಯಾರಾದರೂ ಹಾಕಿದ್ದರೆಂದು ಅವನ ಮೊದಲ ಜೀವನಚರಿತ್ರೆ ಹೇಳುವುದಿಲ್ಲ. (ಸುವಾರ್ತೆಗಳ ಜನನದ ಕಥೆಯಲ್ಲಿ ಎತ್ತು, ಕತ್ತೆಗಳೂ ಇಲ್ಲ, ಅದು ಬೇರೆ ಮಾತು.) ದೀಪ ಹಿಡಿದು ನೆರೆದ ಊರವರಂತೂ ಇದ್ದರು. ಅಂದಮೇಲೆ ಜನಜಂಗುಳಿ ಮೊದಲ ರಾತ್ರಿಯಿಂದಲೇ ಗೋದಲಿಯ ಭಾಗ.

ಗೋದಲಿ ಬೊಂಬೆಗಳನ್ನು ಮಾರುವ ನೇಪಲ್ಸ್ ನಗರದ ಸಾನ್ ಗ್ರೆಗೊರಿಯೊ ಅರ್ಮೆನೊ ಬೀದಿಯ ಅಂಗಡಿಗಳಲ್ಲಿ ಕುರುಬರ ಪಕ್ಕದಲ್ಲೇ ಮರಡೋನಾ ನಿಂತಿರುತ್ತಾನೆ. ಅದಕ್ಕೆ ಮೂಗು ಮುರಿಯುವುದು ನನ್ನಿಂದಾಗದು. ಅಂದು ಕಟುಕನಿಗೆ, ಮೀನು ಮಾರುವವನಿಗೆ ಜಾಗ ಸಿಕ್ಕಿತ್ತು, ಇಂದು ಫುಟ್‌ಬಾಲ್ ಆಟಗಾರನಿಗೆ ಸಿಕ್ಕಿದೆ. ನನ್ನ ತಕರಾರು ಅಚ್ಚಿನಲ್ಲಿ ಎರೆದ, ಎಲ್ಲವೂ ಒಂದೇ ಮುಖದ ಪ್ಲಾಸ್ಟಿಕ್ ಬೊಂಬೆಗಳ ಬಗ್ಗೆ ಮಾತ್ರ.

ಡಿಸೆಂಬರಿನಲ್ಲಿ ಆ ಬೀದಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ನಿಂತು ನೋಡುವ ಮಾತು ದೂರವೇ ಉಳಿಯಿತು. ಗುಡ್ಡದ ಮೇಲಿನದು ಹಬ್ಬಕ್ಕೆಂದು ಕಟ್ಟಿ ಬಿಚ್ಚುವ ಗೋದಲಿಯಲ್ಲ. ಬೇರೆ ತಿಂಗಳಲ್ಲಿ ಹೋಗಿ.