ಕಟ್ಟಿದ ಮೇಲೆ ನೋಡಬೇಕಲ್ಲ!

ಫಿನ್ಲೆಂಡಿನಲ್ಲಿ ಮನೆಯಲ್ಲಿ ಟಿವಿ ಇಲ್ಲದವರೂ ಟಿವಿಗೆ ತೆರಿಗೆ ಕಟ್ಟುತ್ತಾರೆ. ಹಿಂದೆ ಹೀಗಿರಲಿಲ್ಲ. ಟಿವಿ ಇಟ್ಟುಕೊಂಡ ಮನೆಯವರು ಫೀಜು ಕಟ್ಟಬೇಕಿತ್ತು. ಕಟ್ಟದೆ ಕದ್ದು ನೋಡುವವರನ್ನು ಹಿಡಿಯಲು ಇನ್‌ಸ್ಪೆಕ್ಟರುಗಳು ಬಂದು ಬಾಗಿಲು ತಟ್ಟುತ್ತಿದ್ದರು. 2013ರಲ್ಲಿ ಆ ರಗಳೆಯನ್ನೆಲ್ಲ ಕೈಬಿಟ್ಟು, ಸಾರ್ವಜನಿಕ ಪ್ರಸಾರ ಸಂಸ್ಥೆ ಯುಲೆಗೆಂದೇ ಒಂದು ತೆರಿಗೆ ಮಾಡಿ, ಆದಾಯದ ಲೆಕ್ಕದಲ್ಲೇ ಮುರಿದುಕೊಳ್ಳಲು ಶುರುಮಾಡಿದರು. ತಲೆಗೆ ವರ್ಷಕ್ಕೆ ಹೆಚ್ಚೆಂದರೆ ನೂರರವತ್ತು ಯೂರೋ ಆಸುಪಾಸು. ನಾನೂ ಕಟ್ಟುತ್ತೇನೆ, ನನ್ನವಳೂ ಕಟ್ಟುತ್ತಾಳೆ. ಕಟ್ಟಿ, ಹವಾಮಾನ ವರದಿಯೊಂದನ್ನು ನೋಡಿ, ಟಿವಿ ಆರಿಸಿ, ತಲೆಗೊಂದು ಫೋನು ಹಿಡಿದು ಕೂರುತ್ತಿದ್ದೆವು.

ಈ ಲೆಕ್ಕ ಅಮ್ಮನ ಕಿವಿಗೆ ಬೀಳಬಾರದಿತ್ತು.

ಅಮ್ಮ ತಿಪಟೂರಿನಿಂದ ಬಂದಿಳಿದದ್ದು ನವೆಂಬರ್ ಕೊನೆಗೆ. ನಾವಿರುವ ಎಸ್ಪೋದಲ್ಲಿ ಆ ಹೊತ್ತಿಗೆ ಸೂರ್ಯ ಒಂಬತ್ತಕ್ಕೆ ಒಲ್ಲದ ಮನಸ್ಸಿನಿಂದ ಎದ್ದು ಮೂರೂಕಾಲಕ್ಕೆಲ್ಲ ಮನೆಗೆ ಹೊರಟುಬಿಡುತ್ತಾನೆ. ಹೊರಗೆ ಕಾಲಿಟ್ಟರೆ ಜಾರುತ್ತದೆ. ನಿವೃತ್ತ ಟೀಚರಮ್ಮ, ಸುಮ್ಮನೆ ಕೂತು ಅಭ್ಯಾಸವಿಲ್ಲ. ಮಾತಿಗೆ ಮಾತು ಬಂದು ತೆರಿಗೆಯ ವಿಷಯ ಹೇಳಿದೆ. ಅಮ್ಮ ಬೆರಳು ಮಡಚಿ ರೂಪಾಯಿಗೆ ತಿರುಗಿಸಿದಳು.

"ಇಬ್ಬರದ್ದೂ ಸೇರಿ ಮೂವತ್ತು ಸಾವಿರ! ಕಟ್ಟಿದ ಮೇಲೆ ನೋಡಬೇಕಲ್ಲ? ಎಲ್ಲಿ ರಿಮೋಟು?"

ಅಂದಿನಿಂದ ಟಿವಿ ನಿಂತಿಲ್ಲ. ಫಿನ್ನಿಶ್ ಬರದು, ಸ್ವೀಡಿಶ್ ಬರದು, ಇಂಗ್ಲಿಷ್ ಕೇಳಿಸಿಕೊಳ್ಳುವಷ್ಟು ತಾಳ್ಮೆಯಿಲ್ಲ. ಆದರೂ ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೆ ಅಮ್ಮ ನಮ್ಮ ತೆರಿಗೆಯನ್ನು ವಸೂಲು ಮಾಡುತ್ತಾ ಕೂತಳು. ಯುಲೆಯ ಒಂದನೇ ಚಾನೆಲ್ಲಿನಲ್ಲಿ ವಾರ್ತೆ, ಸಾಕ್ಷ್ಯಚಿತ್ರ, ಬ್ರಿಟಿಷ್ ಪತ್ತೇದಾರಿ. ಎರಡನೆಯದರಲ್ಲಿ ಮಕ್ಕಳ ಕಾರ್ಯಕ್ರಮ, ಆಟೋಟ. ಮೂರನೆಯದು ಒಂದೇ ಚಾನೆಲ್ಲಿನಲ್ಲಿ ಎರಡು ಸಂಸಾರ. ಅರ್ಧ ಹೊತ್ತು ಕಲೆ, ಸಂಗೀತ, ಹಳೇ ಸಿನಿಮಾ, ಇನ್ನರ್ಧ ಸ್ವೀಡಿಶ್ ಮಾತಾಡುವವರ ಪಾಲು. ಇವುಗಳ ಮಧ್ಯೆ ಉತ್ತರದ ಸಾಮಿ ಜನರ ಭಾಷೆಯಲ್ಲೂ ವಾರ್ತೆ ಬರುತ್ತದೆ. ಇದೇ ಸಂಸ್ಥೆ 1989ರಿಂದ 2019ರವರೆಗೆ ರೇಡಿಯೋದಲ್ಲಿ ಲ್ಯಾಟಿನ್ ಭಾಷೆಯಲ್ಲಿ ವಾರ್ತೆ ಓದಿಸುತ್ತಿತ್ತು ಎಂದು ನಾನು ದೊಡ್ಡ ವಿಷಯವೆಂಬಂತೆ ಹೇಳಿದೆ. ಅಮ್ಮ ಹುಬ್ಬೂ ಏರಿಸಲಿಲ್ಲ. ಆಕಾಶವಾಣಿಯ ಸಂಸ್ಕೃತ ವಾರ್ತೆ ಕೇಳಿಕೊಂಡು ಸ್ಕೂಲಿಗೆ ಹೊರಡುತ್ತಿದ್ದವಳು ಅವಳು.

ಮೊದಲ ಅನಾಹುತ ಪತ್ತೇದಾರಿ ಪಾಯಿರೋನಿಂದ. ಈ ದೇಶದಲ್ಲಿ ಹೊರಗಿನ ಸಿನಿಮಾ, ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡುವುದಿಲ್ಲ. ಚಿಕ್ಕ ಮಕ್ಕಳ ಕಾರ್ಯಕ್ರಮ ಬಿಟ್ಟರೆ ಮಿಕ್ಕೆಲ್ಲ ಮೂಲ ಭಾಷೆಯಲ್ಲೇ, ಕೆಳಗೆ ಫಿನ್ನಿಶ್ ಅಡಿಬರಹ. ಆದರೆ ನಮ್ಮ ಮನೆಯಲ್ಲಿ ಒಂದು ಸಂಜೆಯಿಂದ ಇದ್ದಕ್ಕಿದ್ದಂತೆ ಪಾಯಿರೋ ಮಾತಾಡಿದ ಕೂಡಲೇ ಅವನ ಮಾತಿನ ಮೇಲೆ ಇನ್ನೊಂದು ದನಿ ಹತ್ತಿ ಕೂರತೊಡಗಿತು. ಪಾಯಿರೋ ಮಾತಾಡಿದರೂ ಅದೇ ದನಿ, ಅಡುಗೆಯವಳು ಮಾತಾಡಿದರೂ ಅದೇ ದನಿ, ಮಗು ಮಾತಾಡಿದರೂ ಅದೇ. ಹೆಣ ನೋಡಿದ ಹೆಂಗಸೊಬ್ಬಳು ಎದೆಯೊಡೆಯುವಂತೆ ಕಿರುಚಿದಳು. ಅರೆಗಳಿಗೆ ಬಿಟ್ಟು ಆ ದನಿ, ಉಪ್ಪು ಕಡಿಮೆಯಿದೆ ಎನ್ನುವಷ್ಟೇ ನಿರ್ಲಿಪ್ತವಾಗಿ, ಕಾಪಾಡಿ ಎಂದು ಫಿನ್ನಿಶ್‌ನಲ್ಲಿ ತಿಳಿಸಿತು.

ಟಿವಿಗೆ ಏನೋ ಬಡಿದಿದೆ ಎಂದು ನಾನು, ಯುಲೆಯವರ ಹೊಸ ಪದ್ಧತಿ ಎಂದು ನನ್ನವಳು. ಅಮ್ಮನಿಗೆ ಮಾತ್ರ ಯಾವ ತಕರಾರೂ ಇರಲಿಲ್ಲ. ಹರಿಕಥೆಯಲ್ಲಿ ದಾಸರೊಬ್ಬರೇ ರಾಮನೂ ಆಗಿ, ಸೀತೆಯೂ ಆಗಿ, ಮಂಥರೆಯೂ ಆಗುವುದಿಲ್ಲವೇ? "ಇವರು ಸ್ವಲ್ಪ ನೀರಸ ದಾಸರು. ಚಿಟಿಕೆ ಇಲ್ಲ, ತಾಳ ಇಲ್ಲ. ಆದ್ರೂ ಪರವಾಗಿಲ್ಲ, ಕಷ್ಟಪಟ್ಟು ಹೇಳ್ತಿದಾರೆ" ಅಂದಳು.

ಸಹೋದ್ಯೋಗಿಯೊಬ್ಬರನ್ನು ಕೇಳಿದಾಗ ಗುಟ್ಟು ಬಯಲಾಯಿತು. ಕಣ್ಣು ಕಾಣದವರಿಗೆ, ಓದಲು ಕಷ್ಟವಿರುವವರಿಗೆ ಅಡಿಬರಹವನ್ನು ಯಂತ್ರ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವದು. ಒಳ್ಳೆಯ ಕೆಲಸವೇ. ಅಮ್ಮ ವಾಲ್ಯೂಮು ಹುಡುಕುತ್ತಾ ರಿಮೋಟಿನ ಎಲ್ಲ ಗುಂಡಿಗಳಿಗೂ ಒಂದೊಂದು ಅವಕಾಶ ಕೊಟ್ಟಿದ್ದಳು. ಆರಿಸೋಣವೆಂದು ಭಾಷೆಗಳ ಪಟ್ಟಿ ತೆರೆದರೆ ಟಿಕ್ ಮಾರ್ಕು ಡಚ್ ಭಾಷೆಯ ಮುಂದೆ ಕೂತಿತ್ತು! ಇಂಗ್ಲಿಷ್ ನಾಟಕ, ಫಿನ್ನಿಶ್ ದನಿ, ಹೆಸರು ಡಚ್, ನೋಡುವವಳು ತಿಪಟೂರಿನವಳು. ಟಿಕ್ ತೆಗೆದೆ. ಮನೆ ತಣ್ಣಗಾಯಿತು.

"ದಾಸರನ್ನ ಯಾಕೋ ಕಳಿಸಿಬಿಟ್ಟೆ?" ಎಂದು ಅಮ್ಮ ರಾತ್ರಿ ಊಟಕ್ಕೇ ಬರಲಿಲ್ಲ. ಮರುದಿನ ಡಚ್ಚಿಗೆ ಮತ್ತೆ ಟಿಕ್ ಹಾಕಿದೆ.

ದಾಸರು ತಿರುಗಿ ಬಂದದ್ದರಿಂದ ನನಗೊಬ್ಬನಿಗೇ ನಷ್ಟ. ನನ್ನ ಫಿನ್ನಿಶ್ ನಿಧಾನ. ಮಗ ಇಲ್ಲೇ ಹುಟ್ಟಿದವನು, ಅಡಿಬರಹವನ್ನು ಕಣ್ಣಲ್ಲೇ ನುಂಗುತ್ತಾನೆ. ನಟ ಬಾಯಿ ಬಿಡುವ ಮೊದಲೇ ಜೋಕು ಕೆಳಗೆ ಮೂಡಿರುತ್ತದೆ, ಮಗ ನಕ್ಕಿರುತ್ತಾನೆ. ಆಮೇಲೆ ನಟ ಹೇಳುತ್ತಾನೆ, ನನ್ನವಳು ನಗುತ್ತಾಳೆ. ದಾಸರು ಓದುತ್ತಾರೆ, ಅಮ್ಮ ನಗುತ್ತಾಳೆ. ಅರ್ಥವಾಗಿ ಅಲ್ಲ, ದಾಸರ ಮೇಲಿನ ಗೌರವಕ್ಕೆ. ನಾನು ನಗುವ ಹೊತ್ತಿಗೆ ತೆರೆಯ ಮೇಲೆ ಯಾರೋ ಸತ್ತಿರುತ್ತಾರೆ.

ಡಿಸೆಂಬರ್ 6 ಇಲ್ಲಿನ ಸ್ವಾತಂತ್ರ್ಯ ದಿನ. ಸಂಜೆ ಕಿಟಕಿಗಳಲ್ಲಿ ಎರಡೆರಡು ಮೋಂಬತ್ತಿ ಹಚ್ಚುತ್ತಾರೆ, ಉಳಿದಂತೆ ದೇಶವೇ ಟಿವಿಯ ಮುಂದೆ. ಮಧ್ಯಾಹ್ನ 'ತುಂತೆಮಾತೊನ್ ಸೋತಿಲಾಸ್' ಎಂಬ ಯುದ್ಧದ ಸಿನಿಮಾ. ವೈನೊ ಲಿನ್ನಾ ಅವರ ಕಾದಂಬರಿ ಆಧರಿಸಿ ಎಡ್ವಿನ್ ಲೈನೆ 1955ರಲ್ಲಿ ತೆಗೆದದ್ದು, ಕಪ್ಪು ಬಿಳುಪು, ಸುಮಾರು ಮೂರು ಗಂಟೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದ ವಿರುದ್ಧ ಕಾದಿದ ಸಾಮಾನ್ಯ ಸಿಪಾಯಿಗಳ ಕಥೆ. ಫಿನ್ನಿಶ್ ಚಿತ್ರವಾದ್ದರಿಂದ ದಾಸರಿಗೆ ರಜೆ. ಅದರಲ್ಲಿ ರೊಕ್ಕಾ ಅಂತ ಒಬ್ಬ ರೈತ. ಗಡಿನಾಡಿನವನು, ಮೇಲಧಿಕಾರಿಗಳಿಗೆ ಎದುರುತ್ತರ ಕೊಡುವವನು, ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನು. ಅವನು ಬಾಯಿ ತೆರೆದ ಕೂಡಲೇ ಅಮ್ಮ ಕಾಲು ಮಡಚಿ ಸೋಫಾದ ಮೇಲೆ ಹತ್ತಿ ಕೂತಳು. ಒಲೆಯ ಮೇಲಿದ್ದ ಹಾಲು ಉಕ್ಕಿ, ಆರಿ, ತಳ ಹಿಡಿದು, ಹೊಗೆಯ ಅಲಾರಂ ಕೂಗಿಕೊಂಡರೂ ಏಳಲಿಲ್ಲ. ಅಲಾರಮ್ಮನ್ನೂ ಅವಳು ಯುದ್ಧದ ಲೆಕ್ಕಕ್ಕೇ ಸೇರಿಸಿದ್ದಳು. "ಎಲ್ಲಾ ಸತ್ರೂ ಇವನು ಸಾಯಲ್ಲ, ಬರ್ದಿಟ್ಕೋ" ಅಂದಳು. ಸಾಯಲಿಲ್ಲ.

ಸಂಜೆ ಅಸಲಿ ಮಜಾ. ಅಧ್ಯಕ್ಷರ ಅರಮನೆಯಲ್ಲಿ ಔತಣ, ನೇರ ಪ್ರಸಾರ. ಐವತ್ತಾರು ಲಕ್ಷ ಜನರ ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ನೋಡುತ್ತಾರೆ. ವರ್ಷದಲ್ಲೇ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮ. ನೋಡಲು ಏನಿದೆ ಅಂದರೆ, ಕೈ ಕುಲುಕುವುದು. ಅಧ್ಯಕ್ಷರೂ ಅವರ ಸಂಗಾತಿಯೂ ಒಂದು ಕಡೆ ನಿಂತಿರುತ್ತಾರೆ, ಸಾವಿರದೈನೂರಕ್ಕೂ ಮಿಕ್ಕ ಅತಿಥಿಗಳು ಸಾಲಾಗಿ ಬಂದು ಕೈ ಕುಲುಕಿ ಮುಂದೆ ಹೋಗುತ್ತಾರೆ. ಗಂಟೆಗಟ್ಟಲೆ. ಅಷ್ಟೇ.

"ಯಾರ ಮದ್ವೆ ರಿಸೆಪ್ಷನ್ನೋ ಇದು?"

ಮದುವೆಯಲ್ಲ, ಸ್ವಾತಂತ್ರ್ಯೋತ್ಸವ ಎಂದೆ. ಅಮ್ಮ ನಂಬಲಿಲ್ಲ. ಗಂಡು ಹೆಣ್ಣಿಗೆ ವಯಸ್ಸಾಯಿತು ಎಂಬುದೊಂದು ಕೊರತೆ, ಯಾರ ಕೈಯಲ್ಲೂ ಮುಯ್ಯಿಯ ಕವರಿಲ್ಲ ಎಂಬುದು ಇನ್ನೊಂದು. ಊಟದ ಹಾಲು ಯಾಕೆ ತೋರಿಸುತ್ತಿಲ್ಲ ಎಂದು ಮೂರನೆಯದು. ಒಂದು ಗಂಟೆಯಾದ ಮೇಲೆ ಅಧ್ಯಕ್ಷರ ಭುಜದ ಚಿಂತೆ ಹತ್ತಿತು. "ನಾಳೆ ಕೈ ಎತ್ತಕ್ಕಾಗಲ್ಲ ಪಾಪ. ಎಳ್ಳೆಣ್ಣೆ ಬೆಚ್ಚಗೆ ಮಾಡಿ ತೀಡಿ ಅಂತ ಹೇಳೋರು ಯಾರೂ ಇಲ್ವಾ?" ಆದರೆ ಉಡುಪುಗಳ ವಿಷಯದಲ್ಲಿ ಅಮ್ಮ ಅಲ್ಲಿನ ನಿರೂಪಕರಿಗಿಂತ ಚುರುಕು. ಆ ಹಸಿರು ಮೈಗೆ ಒಗ್ಗಲಿಲ್ಲ, ಈಕೆಯದು ಬಾಡಿಗೆಯದು, ಆಕೆಗೆ ಕಾಲು ನೋಯುತ್ತಿದೆ, ಹಿಮ್ಮಡಿ ನೋಡು. ಮರುದಿನ ಪತ್ರಿಕೆಗಳು ಜಾಲತಾಣದಲ್ಲಿ ಅತಿ ಚೆಂದದ ಗೌನು ಯಾವುದೆಂದು ಓದುಗರ ಮತ ಕೇಳುತ್ತವೆ. ಅಮ್ಮ ನನ್ನ ಫೋನಿನಲ್ಲಿ ಯಾರಿಗೂ ಬೇಸರವಾಗಬಾರದೆಂದು ಸಿಕ್ಕ ಚಿತ್ರಗಳನ್ನೆಲ್ಲ ಒತ್ತಿದಳು.

ಕ್ರಿಸ್‌ಮಸ್ ಹಿಂದಿನ ದಿನ ಬೆಳಗ್ಗೆ ಇಲ್ಲಿ ಪ್ರತಿ ವರ್ಷ ಮಂಜಿನಲ್ಲಿ ಮಾಡಿದ ಒಂದು ಹಿಮಮಾನವನ ಕಾರ್ಟೂನು ಬರುತ್ತದೆ. 1982ರ ಬ್ರಿಟಿಷ್ ಚಿತ್ರ, ಒಂದು ಹಾಡು ಬಿಟ್ಟರೆ ಮಾತೇ ಇಲ್ಲ. ಮನೆಯವರೆಲ್ಲ ಸರಿಸಮವಾಗಿ ನೋಡಬಹುದಾದ ಒಂದೇ ಒಂದು ಕಾರ್ಯಕ್ರಮ. ಕೊನೆಗೆ ಹಿಮಮಾನವ ಕರಗಿಹೋಗುತ್ತಾನೆ. ಹಬ್ಬದ ಬೆಳಗ್ಗೆ ಮಕ್ಕಳಿಗೆ ಇಂಥ ಸೂತಕ ತೋರಿಸುವುದೇ ಎಂದು ಅಮ್ಮ ಸಿಟ್ಟಾದಳು. ಅದೇ ದಿನ ಸಾಂಟಾ ಟಿವಿಯಲ್ಲಿ ಕೂತು ಮಕ್ಕಳ ಫೋನಿಗೆ ಉತ್ತರ ಕೊಡುತ್ತಾನೆ. ಮಗ ಒತ್ತಿದ, ಒತ್ತಿದ, ಬರೀ ಎಂಗೇಜು. ಅಮ್ಮ ಫೋನು ಕಿತ್ತುಕೊಂಡು ಆ ಕುಯ್ ಕುಯ್ ಸದ್ದಿಗೇ "ಹಲೋ, ಸಾಂಟಾ ತಾತನವರ ಮನೆನಾ? ನಾವು ಹುಡುಗನ ಅಜ್ಜಿ" ಎಂದು ಪರಿಚಯ ಮಾಡಿಕೊಂಡಳು.

ಇನ್ನು ಆ ಶನಿವಾರದ ಸಂಗತಿ. ಪರಿಚಯದ ಕನ್ನಡ ಕುಟುಂಬವೊಂದು ಊಟಕ್ಕೆ ಬಂದಿತ್ತು, ಜೊತೆಗೆ ಊರಿಂದ ಬಂದಿದ್ದ ಅವರ ಮಾವನವರು. ಹಣೆಗೆ ವಿಭೂತಿ, ಮಾತು ಕಡಿಮೆ. ಬಿಸಿಬೇಳೆಬಾತ್ ಬಡಿಸಿಯಾಗಿತ್ತು. ಅಮ್ಮನ ನಿಯಮದಂತೆ ಟಿವಿ ಓಡುತ್ತಿತ್ತು. ಸಾಕ್ಷ್ಯಚಿತ್ರವೊಂದು ಶುರುವಾಯಿತು. 'ಮಿಯೆಸ್ತೆನ್ ವುವೊರೊ', 2010ರದು, ಯೊನಾಸ್ ಬೆರ್ಗ್‌ಹೆಲ್ ಮತ್ತು ಮಿಕಾ ಹೊತಾಕೈನೆನ್ ನಿರ್ದೇಶನ, ಆಸ್ಕರಿಗೆ ಫಿನ್ಲೆಂಡ್ ಕಳಿಸಿದ ಚಿತ್ರ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಆ ಕ್ಷಣಕ್ಕೆ ತಿಳಿದದ್ದು ಇಷ್ಟೇ: ತೆರೆಯ ತುಂಬ ಸೌನಾ ಎಂಬ ಹಬೆಸ್ನಾನದ ಕೋಣೆಯೊಳಗೆ ಕೂತ ಗಂಡಸರು, ಒಬ್ಬರ ಮೈ ಮೇಲೂ ನೂಲೆಳೆಯಿಲ್ಲ. ಇಲ್ಲಿ ಯಾರೂ ಇಂಥದ್ದನ್ನು ಮಸುಕು ಮಾಡುವುದಿಲ್ಲ. ಸೌನಾದಲ್ಲಿ ಬಟ್ಟೆ ಹಾಕಿಕೊಂಡಿದ್ದರೇ ಅವರಿಗೆ ವಿಚಿತ್ರ.

ರಿಮೋಟು ಇರಲಿಲ್ಲ. ಸೋಫಾದ ಸಂದಿಗೆ ಕೈ ಹಾಕಿದೆ, ಕಡಲೆಬೀಜ ಸಿಕ್ಕಿತು. ನನ್ನವಳು ಟಿವಿಗೆ ಅಡ್ಡ ನಿಂತಳು. ಟಿವಿ ಅವಳಿಗಿಂತ ಅಗಲ. ಮಾವನವರು ಚಮಚವನ್ನು ಬಾಯಿಯ ಹತ್ತಿರ ನಿಲ್ಲಿಸಿಕೊಂಡು ಸೀಲಿಂಗ್ ದೀಪವನ್ನು ಅಭ್ಯಾಸ ಮಾಡತೊಡಗಿದರು. ಅಷ್ಟರಲ್ಲಿ ಅಮ್ಮ: "ಸರಿಯೇ ಅತ್ಲಾಗೆ! ಆ ಮನುಷ್ಯ ಅಳ್ತಿದಾನೆ."

ನಿಜ. ಕ್ಯಾರವಾನಿನೊಳಗೆ, ಟೆಲಿಫೋನ್ ಬೂತಿನೊಳಗೆ, ಎಲ್ಲೆಲ್ಲೋ ಸೌನಾ ಮಾಡಿಕೊಂಡು ಆ ಗಟ್ಟಿಗರು ಒಬ್ಬೊಬ್ಬರಾಗಿ ತಮ್ಮ ದುಃಖ ಹೇಳಿಕೊಳ್ಳುತ್ತಿದ್ದರು. ಮುರಿದ ಸಂಸಾರ, ನೋಡಲಾಗದ ಮಕ್ಕಳು. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ನಮಸ್ಕಾರವನ್ನೂ ಹೇಳದ ಜನ ಬಿಸಿ ಕಲ್ಲಿಗೆ ನೀರು ಸುರಿದ ಕೂಡಲೇ ಹೀಗೆ ಬಿಚ್ಚಿಕೊಳ್ಳುತ್ತಾರೆಂದು ಇಷ್ಟು ವರ್ಷವಿದ್ದ ನನಗೇ ಗೊತ್ತಿರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದು ಟವೆಲ್ ಕೊಡೋರಿಲ್ವಲ್ಲ" ಅಂದದ್ದು ಕಣ್ಣೀರಿಗೋ ಮಾನಕ್ಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮಾವನವರೂ ಸೀಲಿಂಗು ಬಿಟ್ಟು ಕೆಳಗಿಳಿದರು. ರಿಮೋಟು ಅವರ ತೊಡೆಯ ಕೆಳಗೇ ಇತ್ತು. ಗೊತ್ತಿದ್ದೇ ಕೂತಿದ್ದರೋ ಏನೋ.

ಇಲ್ಲಿನ ನಿರ್ದೇಶಕ ಅಕಿ ಕೌರಿಸ್ಮಾಕಿಯ ಸಿನಿಮಾ ತೋರಿಸುವ ಐಡಿಯಾ ನನ್ನವಳದು. 2023ರ 'ಕ್ವೊಲ್ಲೇತ್ ಲೆಹ್ದೆತ್', ಬರೀ ಎಂಬತ್ತೊಂದು ನಿಮಿಷ, ಕಾನ್ ಉತ್ಸವದಲ್ಲಿ ಜ್ಯೂರಿ ಪ್ರಶಸ್ತಿ. ಇಂಟರ್ನೆಟ್ಟಿನಲ್ಲಿ ಹಾಕಿಕೊಟ್ಟು ಅವಳು ಒಳಗೆ ಆಫೀಸಿನ ಮೀಟಿಂಗಿಗೆ ಹೋದಳು. ಕೌರಿಸ್ಮಾಕಿಯ ಜನ ಮಾತಾಡುವುದು ತೀರ ಅನಿವಾರ್ಯವಾದರೆ ಮಾತ್ರ. ನಾಯಕ, ನಾಯಕಿ ಎದುರು ಬದುರು ಕೂತರು. ಕೂತೇ ಇದ್ದರು. ರೆಪ್ಪೆಯೂ ಅಲುಗಲಿಲ್ಲ. "ನೆಟ್ ಹೋಯ್ತು" ಎಂದು ಅಮ್ಮ ಎದ್ದು ಹೋಗಿ, ಮೊಮ್ಮಗ ಕಲಿಸಿದಂತೆ, ರೌಟರಿನ ಸ್ವಿಚ್ಚು ಆರಿಸಿ ಹಾಕಿದಳು. ಒಳಗಿಂದ ನನ್ನವಳ ಆರ್ತನಾದ. ಸಿನಿಮಾ ತಿರುಗಿ ಶುರುವಾದಾಗಲೂ ಅವರಿಬ್ಬರೂ ಹಾಗೇ ಕೂತಿದ್ದರು. ಅಮ್ಮ ಮತ್ತೊಮ್ಮೆ ರೌಟರಿನ ಕಡೆ ನೋಡಿದಳು. ನಾಯಕಿಯ ಫೋನ್ ನಂಬರಿನ ಚೀಟಿಯನ್ನು ಆ ಪುಣ್ಯಾತ್ಮ ಕಳೆದುಕೊಂಡಾಗ ಮಾತ್ರ ಅವಳ ಸಹನೆ ಮುಗಿಯಿತು. "ಗೋಡೆ ಮೇಲೆ ಬರ್ಕೊಳ್ಳೋದು ತಾನೆ, ನಾವೆಲ್ಲ ಹಾಲಿನೋನ ಲೆಕ್ಕ ಬರ್ಕೊಳ್ತಿರ್ಲಿಲ್ವ!"

ಇಷ್ಟೆಲ್ಲ ಬಗೆ ಬಗೆಯದು ನೋಡಿದ ಮೇಲೆ ಅಮ್ಮ ಕೊನೆಗೆ ಅಂಟಿಕೊಂಡದ್ದು ಯಾವುದಕ್ಕೆ ಗೊತ್ತೇ? ತೆರಿಗೆಗೆ ಸಂಬಂಧವೇ ಇಲ್ಲದ, ಜಾಹೀರಾತಿನ ಮೇಲೆ ನಡೆಯುವ ಖಾಸಗಿ ಚಾನೆಲ್ಲಿನ ಧಾರಾವಾಹಿಗೆ. ಹೆಸರು 'ಸಲಾತುತ್ ಎಲಾಮಾತ್', 1999ರಿಂದ ನಡೆಯುತ್ತಿದೆ, ಹೆಲ್ಸಿಂಕಿಯ ಒಂದು ಕಾಲ್ಪನಿಕ ಬೀದಿಯ ಕಥೆ. ಮೂರನೇ ಕಂತಿಗೇ ಅಮ್ಮ ಯಾರು ಯಾರಿಗೆ ಏನಾಗಬೇಕೆಂದು ಪೂರ್ತಿ ವಂಶಾವಳಿ ಹಾಕಿಟ್ಟಿದ್ದಳು. ಮಗ ಅಡಿಗಡಿಗೆ ತಿದ್ದಿದ. ವಾರ ಕಳೆಯುವಷ್ಟರಲ್ಲಿ ಧಾರಾವಾಹಿಯವರೇ ಅಮ್ಮನ ದಾರಿಗೆ ಬಂದರು; ಮಗುವಿನ ತಂದೆ ಅವಳು ಹೇಳಿದವನೇ.

ವೀಸಾ ಮುಗಿಯಿತು, ಅಮ್ಮ ತಿಪಟೂರಿಗೆ ಹೋದಳು. ಅಲ್ಲಿ ಅದನ್ನು ನೋಡುವ ದಾರಿ ನಮಗೆ ಸಿಗಲಿಲ್ಲ. ಹಾಗಾಗಿ ಈಗ ಸಂಜೆ ಏಳೂವರೆಗೆ, ಅಂದರೆ ಅವಳಿಗೆ ರಾತ್ರಿ ಹನ್ನೊಂದಕ್ಕೆ, ನಾನು ವಿಡಿಯೋ ಕಾಲ್ ಹಚ್ಚಿ ಫೋನನ್ನು ಟಿವಿಗೆ ಎದುರು ಹಿಡಿದು ನಿಲ್ಲಬೇಕು. ಜಾಹೀರಾತು ಬಂದಾಗ ಕೈ ಇಳಿಸಬಹುದು, ಆಗ ನಮ್ಮ ಯೋಗಕ್ಷೇಮ ವಿಚಾರಿಸುತ್ತಾಳೆ. ನಿನ್ನೆ ಹಾಗೆ ಕೈ ಇಳಿಸಿ, ಸಕ್ಕರೆ ಕಾಯಿಲೆ ಹೇಗಿದೆಯಮ್ಮಾ ಎಂದು ಕೇಳುತ್ತಿದ್ದೆ.

"ಎಲ್ಲಾ ಚೆನ್ನಾಗಿದೆ, ಫೋನ್ ಎತ್ತೋ! ಆ ಕೆಂಪು ಕೋಟಿನವಳು ಗಂಡನಿಗೆ ಹೇಳಿದ್ಲಾ?"

ಇನ್ನೂ ಇಲ್ಲ ಎಂದೆ.

"ಹೇಳಲ್ಲ ಬಿಡು. ಶುಕ್ರವಾರದವರೆಗೂ ಎಳೀತಾರೆ. ಸ್ವಲ್ಪ ಎಡಕ್ಕೆ ಹಿಡಿ, ನಿನ್ನ ಹೆಬ್ಬೆರಳು ಬರ್ತಿದೆ."