ದೂರಶಿಕ್ಷಣದ ಎಂ.ಎ. ಪದವಿಗೆ ಬೆಲೆಯಿಲ್ಲವೇ? ಸತ್ಯಾಂಶ

ಲಿಂಗತ್ವ (ಜೆಂಡರ್) ಮತ್ತು ಅಭಿವೃದ್ಧಿ ಅಧ್ಯಯನದಲ್ಲಿ ದೂರಶಿಕ್ಷಣದ ಮೂಲಕ ಎಂ.ಎ. ಮಾಡಿದರೆ ಆ ಪದವಿ ಸರ್ಕಾರಿ ನೌಕರಿಗೂ ಪಿಎಚ್.ಡಿ.ಗೂ ನಡೆಯುವುದಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುತ್ತದೆ. ಈ ಮಾತು ಸರಿಯಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯ ಪ್ರಕಾರ, ಮಾನ್ಯತೆ ಪಡೆದ ಸಂಸ್ಥೆಗಳು ದೂರಶಿಕ್ಷಣದಲ್ಲಿ ನೀಡುವ ಸ್ನಾತಕ ಮತ್ತು ಸ್ನಾತಕೋತ್ತರ ಪದವಿಗಳು, ತರಗತಿಗೆ ಹಾಜರಾಗಿ ಪಡೆಯುವ ಅಂಥವೇ ಪದವಿಗಳಿಗೆ ಸಮಾನ. 2022ರ ಸೆಪ್ಟೆಂಬರ್‌ನಲ್ಲಿ ಆಯೋಗ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಸಂಸತ್ತಿನ 1985ರ ಕಾಯ್ದೆಯಂತೆ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಈ ವಿಷಯದಲ್ಲಿ ಎಂ.ಎ. ನೀಡುತ್ತದೆ. ಯಾವುದೇ ವಿಷಯದ ಪದವೀಧರರು, ಪುರುಷರೂ ಸೇರಿದಂತೆ, ಅದಕ್ಕೆ ಸೇರಬಹುದು.

ಗೊಂದಲ ಹುಟ್ಟಿರುವುದು ಬಹುಶಃ ಎರಡು ನಿಯಮಗಳನ್ನು ಒಂದಾಗಿ ಓದಿದ್ದರಿಂದ. ಪಿಎಚ್.ಡಿ. ಸಂಶೋಧನೆಯನ್ನೇ ದೂರಶಿಕ್ಷಣದಲ್ಲಿ ನಡೆಸಲು ಅವಕಾಶವಿಲ್ಲ ಎಂಬುದು ನಿಜ. ಆದರೆ ದೂರಶಿಕ್ಷಣದಲ್ಲಿ ಎಂ.ಎ. ಮುಗಿಸಿದವರು, ಸಾಮಾನ್ಯವಾಗಿ ಕೇಳಲಾಗುವ ಶೇ. 55 ಅಂಕಗಳನ್ನು ಪಡೆದಿದ್ದರೆ, ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ಸಂಶೋಧನೆಗೆ ಅರ್ಜಿ ಸಲ್ಲಿಸುವುದಕ್ಕೆ ಆ ಪದವಿ ದೂರಶಿಕ್ಷಣದ್ದು ಎಂಬುದು ಅಡ್ಡಿಯಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಇದಕ್ಕೆ ಹತ್ತಿರದ ಮಹಿಳಾ ಅಧ್ಯಯನವೂ ಒಂದು ವಿಷಯವಾಗಿರುವುದನ್ನು ಇಂಥ ಸಂದೇಶಗಳು ಹೇಳುವುದೇ ಇಲ್ಲ.

ಎಚ್ಚರ ಬೇಕಾದದ್ದು ಬೇರೆ ಕಡೆ. ಮಾನ್ಯತೆಯನ್ನು ಸಂಸ್ಥೆಗೂ ಕೋರ್ಸಿಗೂ ಶೈಕ್ಷಣಿಕ ವರ್ಷಕ್ಕೂ ಸೇರಿಸಿ ನೋಡಬೇಕಾಗುತ್ತದೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಆಯೋಗದ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿರುವ ಪಟ್ಟಿಯನ್ನು ಪರಿಶೀಲಿಸಬೇಕು. ನಿರ್ದಿಷ್ಟ ಹುದ್ದೆಯ ಮೇಲೆ ಕಣ್ಣಿಟ್ಟವರು ಅದರ ನೇಮಕಾತಿ ಅಧಿಸೂಚನೆಯಲ್ಲಿ ಯಾವ ವಿಷಯದ ಪದವಿ ಕೇಳಲಾಗಿದೆ ಎಂಬುದನ್ನೂ ಓದಿಕೊಳ್ಳುವುದು ಒಳ್ಳೆಯದು.