ಓಣಿಯೆಲ್ಲ ಜೂನ್ ಒಂದು

ಶಾಲೆಯ ಕರಿಹಲಗೆಯ ಮೂಲೆಯಲ್ಲಿ ‘ಈ ದಿನದ ವಿಶೇಷ’ ಬರೆಯುವವರಿಗೆ ಜೂನ್ 1ರಷ್ಟು ಸಲೀಸಾದ ದಿನ ಇನ್ನೊಂದಿಲ್ಲ. ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್ ಹುಟ್ಟಿದ್ದು 1842ರ ಜೂನ್ 1ರಂದು. ಮರ್ಲಿನ್ ಮನ್ರೋ 1926, ನರ್ಗಿಸ್ 1929, ಮಾಧವನ್ 1970. ಆಟದವರು ಬೇಕೆಂದರೆ ಟೆನಿಸ್‌ನ ಜಸ್ಟಿನ್ ಹೆನಿನ್ 1982, ನಮ್ಮ ದಿನೇಶ್ ಕಾರ್ತಿಕ್ 1985. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದು 1996ರ ಜೂನ್ 1. ಅದೇ ದಿನ ಬೆಂಗಳೂರಿನಲ್ಲಿ ಮಾಜಿ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ತೀರಿಕೊಂಡರು. ಜಾಗ ಉಳಿದರೆ ವಿಶ್ವ ಹಾಲು ದಿನ.

ಇಷ್ಟೆಲ್ಲ ಬರೆದರೂ ಮುಖ್ಯ ಸಂಗತಿ ಹಲಗೆಗೆ ಏರುವುದಿಲ್ಲ. ಹಲಗೆ ಬರೆದ ಮೇಷ್ಟ್ರು, ಬಿಸಿಯೂಟದ ಅಡುಗೆಯವರು, ಮೊಮ್ಮಗನನ್ನು ಬಿಡಲು ಬಂದ ಅಜ್ಜ, ಗೇಟಿನಾಚೆ ಆಟೋ ನಿಲ್ಲಿಸಿಕೊಂಡ ಚಾಲಕ, ಎಲ್ಲರೂ ದಾಖಲೆ ಪ್ರಕಾರ ಹುಟ್ಟಿದ್ದು ಜೂನ್ 1ರಂದೇ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುವುದು ಬಯಲುಸೀಮೆಯ ಗಾದೆ. ಮಲೆನಾಡಿನ ತೀರ್ಥಹಳ್ಳಿ, ಹೊಸನಗರದ ಕಡೆ ಜೋಳ ಎಲ್ಲಿಂದ ಬರಬೇಕು? ಇಲ್ಲಿ ಜೂನ್ 1 ಬೀಳುವ ಅದೇ ರೋಹಿಣಿಗೆ ಓಣಿಯೆಲ್ಲ ಹುಟ್ಟುಹಬ್ಬ.

ಲೆಕ್ಕ ಬಲ್ಲವರು ಜೂನ್ 1ರಿಂದ 266 ದಿನ ಹಿಂದಕ್ಕೆ ಎಣಿಸಿ ನೋಡಲಿ. ಸೆಪ್ಟೆಂಬರ್ 8ರ ಆಸುಪಾಸಿಗೆ ಬರುತ್ತದೆ. ಗೌರಿ ಬಾಗಿನಕ್ಕೆಂದು ಹೆಣ್ಣುಮಕ್ಕಳು ತವರಿಗೆ ಹೋಗುವ ಸಮಯ. ಗಂಡಸರು ಒಬ್ಬೊಬ್ಬರೇ ಕೂತು ಗಂಜಿ ಕಾಯಿಸಿಕೊಳ್ಳುತ್ತಿದ್ದ ಆ ವಾರದಲ್ಲೇ ತಾಲ್ಲೂಕಿಗೆ ತಾಲ್ಲೂಕೇ ಬಸಿರಾಯಿತೆಂದು ಸರ್ಕಾರಿ ದಾಖಲೆ ಹೇಳುತ್ತದೆ. ದಾಖಲೆ ಸುಳ್ಳು ಹೇಳುವುದಿಲ್ಲವಾದ್ದರಿಂದ ಈ ಪವಾಡವನ್ನು ನಂಬದೆ ಗತ್ಯಂತರವಿಲ್ಲ.

ಜೂನ್ 1 ತಯಾರಾಗುತ್ತಿದ್ದ ವಿಧಾನ ಹೀಗೆ. ದಾಖಲಾತಿಗೆ ಬಂದ ಅಪ್ಪನನ್ನು ಹೆಡ್‌ಮೇಷ್ಟ್ರು ಕೇಳುತ್ತಾರೆ: “ಹುಡುಗ ಹುಟ್ಟಿದ್ದು ಯಾವಾಗ ಮಾರಾಯ?”

“ಪುಷ್ಯದ ಮಳೆ ಹಿಡ್ದಿತ್ತು ಮೇಷ್ಟ್ರೇ. ನಟ್ಟಿ ಅರ್ಧ ಆಗಿತ್ತು.”

“ವರ್ಷ ಯಾವುದು?”

“ಸಾಗರದ ಮಾರಿಜಾತ್ರೆ ಆಯ್ತಲ್ಲ, ಅದರ ಮಾರನೇ ವರ್ಷ.”

ಸಾಗರದ ಮಾರಿಕಾಂಬೆ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ. ಹಾಗಾಗಿ ಯಾವ ಜಾತ್ರೆ ಎಂದು ತಪ್ಪು ಹಿಡಿದರೆ ಹುಡುಗನಿಗೆ ನೇರ ಮೂರು ವರ್ಷ ಹೆಚ್ಚು ಇಲ್ಲವೇ ಕಡಿಮೆ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ವರ್ಷ ಎಂದರೆ 1964 ಎಂದು ಹೇಳಬಹುದು. ಗೇಣಿದಾರರ ಕಾಗೋಡು ಗಲಾಟೆ ವರ್ಷ ಎಂದರೆ 1951. ಎಲ್ಲರೂ ಅಷ್ಟು ಅನುಕೂಲವಾದ ವರ್ಷದಲ್ಲಿ ಹುಟ್ಟಬೇಕಲ್ಲ!

ಆಗ ಎರಡನೇ ಪರೀಕ್ಷೆ. ಹುಡುಗ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಸಣ್ಣ ಮಕ್ಕಳ ತಲೆ ದೊಡ್ಡದು, ಕೈ ಗಿಡ್ಡ. ಆರರ ಹೊತ್ತಿಗೆ ಕೈಗೆ ಕಿವಿ ಸಿಗುತ್ತದೆ. ಐದು ತುಂಬದಿದ್ದರೂ ಕೈ ಉದ್ದವಿರುವ ಕೊಕ್ಕರೆಯಂಥ ಹುಡುಗ ಮುಟ್ಟಿಬಿಡುತ್ತಾನೆ, ಏಳಾದ ಕುಳ್ಳ ತಡಕಾಡುತ್ತಾನೆ. ಕಿವಿ ಸಿಕ್ಕಿತೋ, ವರ್ಷ ಗಟ್ಟಿ. ಇನ್ನು ತಿಂಗಳು, ತಾರೀಖು. ಶಾಲೆಗೆ ಸೇರಲು ವಯಸ್ಸು ತುಂಬಿರಬೇಕಾದದ್ದು ಜೂನ್ 1ಕ್ಕೆ. ಆ ತಾರೀಖನ್ನೇ ಬರೆದರೆ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ತಪಾಸಣೆಗೆ ಬಂದ ಇನ್ಸ್‌ಪೆಕ್ಟರಿಗೆ ಕೂಡಿ ಕಳೆಯುವ ತಾಪತ್ರಯವೂ ಇಲ್ಲ. ಹೆಡ್‌ಮೇಷ್ಟ್ರು ಶಾಯಿಗೆ ಪೆನ್ನು ಅದ್ದಿದರೆಂದರೆ ಪುಷ್ಯದ ಮಳೆ ರೋಹಿಣಿಗೆ ಬಂದು ಬೀಳುತ್ತಿತ್ತು.

ಈ ಕೃಪೆಯಿಂದ ತಪ್ಪಿಸಿಕೊಂಡವರೂ ಇದ್ದಾರೆ. ಕುವೆಂಪು 1904ರ ಡಿಸೆಂಬರ್ 29ಕ್ಕೆ ಹುಟ್ಟಿ ಹಾಗೇ ಉಳಿದರು. ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥರದ್ದು 1949ರ ಫೆಬ್ರುವರಿ 12. ಲಿಂಕನ್ ಮತ್ತು ಡಾರ್ವಿನ್ ಇಬ್ಬರೂ ಹುಟ್ಟಿದ್ದು 1809ರ ಫೆಬ್ರುವರಿ 12ರಂದೇ. ಯಾರಾದರೂ ಮೇಷ್ಟ್ರಿಗೆ ಆವತ್ತು ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರವಿದ್ದಿದ್ದರೆ ವಿಶ್ವನಾಥ್ ಆ ಪಂಕ್ತಿ ಬಿಟ್ಟೆದ್ದು ಮರ್ಲಿನ್ ಮನ್ರೋ ಪಕ್ಕ ಎಲೆ ಹಾಕಿಸಿಕೊಳ್ಳಬೇಕಿತ್ತು. ಈಗಿನ ಹುಡುಗರ ಮೇಲೆ ಕ್ರಿಕೆಟ್ ಮಂಡಳಿಗೆ ಇಷ್ಟೂ ನಂಬಿಕೆಯಿಲ್ಲ. 16 ವರ್ಷದೊಳಗಿನವರ ತಂಡಕ್ಕೆ ಬಂದರೆ ಎಡಗೈಯ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಅಲ್ಲೂ ಎಡಗಡೆಯೇ. ಕಿವಿಯಿಂದ ಮಣಿಕಟ್ಟಿಗೆ ಇಳಿದದ್ದಷ್ಟೇ ಪ್ರಗತಿ.

ಪುಕ್ಕಟೆ ಸಿಕ್ಕ ಜನ್ಮದಿನಕ್ಕೆ ಬೆಲೆ ತೆರುವುದು 60ನೇ ವರ್ಷದಲ್ಲಿ. ರಾಜ್ಯ ಸರ್ಕಾರಿ ನೌಕರರು ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕು. ಒಂದನೇ ತಾರೀಖು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೇ ಎದ್ದು ಹೋಗಬೇಕು. ಜೂನ್ 2ರಂದು ಹುಟ್ಟಿದವರು ಜೂನ್ 30ರವರೆಗೆ ಕುರ್ಚಿಯಲ್ಲಿರುತ್ತಾರೆ. ಜೂನ್ 1ರವರು ಮೇ 31ಕ್ಕೆ ಮನೆಗೆ. ಮೇಷ್ಟ್ರ ಪೆನ್ನು ಒಂದು ದಿನ ಮುಂದಕ್ಕೆ ಜಾರಿದ್ದರೆ ಒಂದು ತಿಂಗಳ ಪೂರ್ತಿ ಸಂಬಳ ಬರುತ್ತಿತ್ತು. ಅದಕ್ಕೇ ಮೇ 31 ನಮ್ಮ ನಿಜವಾದ ನಾಡಹಬ್ಬ. ಒಂದೇ ಸಭಾಂಗಣಕ್ಕೆ ನಾಲ್ಕು ಇಲಾಖೆಯವರ ಬೇಡಿಕೆ. ಮೈಸೂರು ಪೇಟ, ಶಾಲು, ಏಲಕ್ಕಿ ಹಾರಗಳಿಗೆ ಅಭಾವ; ಬೀಳ್ಕೊಡುವವರೂ ನಿವೃತ್ತರೇ ಆದ್ದರಿಂದ ಪೇಟ ಯಾರ ತಲೆಗೆ ಯಾರು ಇಡಬೇಕೆಂಬ ಗೊಂದಲ. ಮಾರನೇ ದಿನ ಬೆಳಿಗ್ಗೆ ಕಚೇರಿ ಖಾಲಿ. ನಾಗರಿಕರು ಅದನ್ನು ಗಮನಿಸುವುದಿಲ್ಲ, ಅಭ್ಯಾಸವಾಗಿದೆ.

ತಿದ್ದಿಸಿಕೊಳ್ಳಬಹುದಲ್ಲ ಎಂದು ಕೇಳುವ ಮುಗ್ಧರಿಗೆ ದಾರಿ ಹೇಳಿಬಿಡೋಣ. ಮೊದಲು ನಿಮ್ಮ ಜನನ ನೋಂದಣಿಯಾಗಿಲ್ಲ ಎಂಬ ಅಲಭ್ಯತಾ ಪತ್ರ ಬೇಕು. ಅಂದರೆ ನೀವು ಹುಟ್ಟಿದ್ದಕ್ಕೆ ಪುರಾವೆಯಿಲ್ಲ ಎನ್ನುವುದಕ್ಕೆ ಮೊಹರು ಹಾಕಿದ ಪುರಾವೆ. ನೋಂದಣಿಗೆ ಕಾನೂನು ಕೊಟ್ಟಿರುವುದು 21 ದಿನ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಆಧಾರ್‌ನಲ್ಲಿ ಜನ್ಮದಿನ ಬದಲಿಸಲು ಅವಕಾಶ ಒಂದೇ ಸಲ. ಸರ್ಕಾರಿ ನೌಕರರಿಗೆ 1974ರ ರಾಜ್ಯ ಕಾಯ್ದೆಯ ಪ್ರಕಾರ ಸೇವಾ ಪುಸ್ತಕದಲ್ಲಿ ದಾಖಲಾದ ಮೂರು ವರ್ಷದೊಳಗೆ ಕೇಳಬೇಕು. ತಾನು ಮಳೆಗಾಲದ ಮಧ್ಯೆ ಹುಟ್ಟಿದವನೆಂದು ನೌಕರನಿಗೆ ನೆನಪಾಗುವುದು ಸಾಮಾನ್ಯವಾಗಿ 59ರಲ್ಲಿ. ಇನ್ನು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ, ವಯಸ್ಸಿಗೆ ಆಧಾರ್ ಪುರಾವೆಯಲ್ಲ, ಶಾಲೆ ಬಿಟ್ಟ ಪ್ರಮಾಣಪತ್ರವೇ ಮೇಲು ಎಂದಿತು. ಕಿವಿ ಮುಟ್ಟಿಸಿದ ಮೇಷ್ಟ್ರು ಕಡೆಗೂ ಗೆದ್ದರು.

ಬ್ಯಾಂಕಿನವರ ಕಥೆ ಇನ್ನೂ ಸೊಗಸು. ಸ್ಟೇಟ್‌ಮೆಂಟ್ ಭದ್ರವಾಗಿರಲೆಂದು ಹಲವು ಕಡೆ ಪಾಸ್‌ವರ್ಡ್ ಹೀಗೆ ಇಡುತ್ತಾರೆ: ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕಕ್ಷರ, ಆಮೇಲೆ ಹುಟ್ಟಿದ ದಿನ ಮತ್ತು ತಿಂಗಳು. ಮಂಜುನಾಥ, ಮಂಜಪ್ಪ, ಮಂಜಮ್ಮ, ಮಂಜುಳಾ ನಾಲ್ವರಿಗೂ ಮೊದಲ ನಾಲ್ಕಕ್ಷರ ಒಂದೇ. ಅದಕ್ಕೆ 0106 ಸೇರಿಸಿದರೆ ಇಡೀ ಹೋಬಳಿಯ ಲೆಕ್ಕ ತೆರೆದುಕೊಳ್ಳುತ್ತದೆ. ಸಹಕಾರಿ ತತ್ವ ಇದಕ್ಕಿಂತ ಆಳಕ್ಕೆ ಇಳಿಯಲಾರದು.

ಜನರನ್ನು ದೂರಿ ಪ್ರಯೋಜನವಿಲ್ಲ. ಮುಂಗಾರಿಗೂ ಹವಾಮಾನ ಇಲಾಖೆ ಬರೆದ ದಿನ ಜೂನ್ 1. ಕೇರಳಕ್ಕೆ ಅದು ಅಂದು ಕಾಲಿಡಬೇಕು. 2023ರಲ್ಲಿ ಬಂದದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ಮಳೆಗೆ ತಿದ್ದುಪಡಿ ಅರ್ಜಿ ಹಾಕುವ ಗೋಜಿಲ್ಲ, ಅದಕ್ಕೆ ಪಿಂಚಣಿಯೂ ಇಲ್ಲ.

ಈ ಪರಂಪರೆಗೆ ಈಗ ಧಕ್ಕೆ ಬಂದಿದೆ. 2023ರ ಅಕ್ಟೋಬರ್ 1 ಮತ್ತು ಆನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಗತಿ. ಆ ಮಕ್ಕಳಲ್ಲಿ ಕೆಲವರಾದರೂ ಜೂನ್ 1ರಂದೇ, ಅಪ್ಪಟವಾಗಿ, ಆಸ್ಪತ್ರೆಯ ಗಡಿಯಾರದ ಸಾಕ್ಷಿಯಲ್ಲಿ ಹುಟ್ಟಿರುತ್ತಾರೆ. ಅಪ್ಪ ಪ್ರಮಾಣಪತ್ರ ಹಿಡಿದು ದಾಖಲಾತಿಗೆ ಹೋದಾಗ ಮೇಜಿನಾಚೆ ಕೂತವರು ಕಾಗದ ನೋಡಿ, ಕನ್ನಡಕ ಮೂಗಿನ ತುದಿಗಿಳಿಸಿ, ಗುಟ್ಟಿನಲ್ಲಿ ಕೇಳುತ್ತಾರೆ: “ಇದಿರಲಿ ಬಿಡಿ, ನಿಜವಾಗ್ಲೂ ಹುಟ್ಟಿದ್ದು ಯಾವತ್ತು?”